‘ಗೆಟ್’ ಪದದ ಬೇರು ಹುಡುಕುವುದು ಹೇಗೆ?

ಸಿಗು, ತಲುಪು, ಆಗು, ಅರ್ಥವಾಗು, ಮಾಡಿಸು: ಇಷ್ಟೆಲ್ಲದಕ್ಕೂ ಇಂಗ್ಲಿಷಿನಲ್ಲಿ ‘ಗೆಟ್’ ಎಂಬ ಒಂದೇ ಕ್ರಿಯಾಪದ ಸಾಕು. ಈ ಅರ್ಥಗಳನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಬೇರು ಸಿಕ್ಕರೆ ಬಹುಪಾಲು ಅರ್ಥಗಳು ತಾವಾಗಿಯೇ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಮೊದಲು ಸರಿಯಾದ ನಿಘಂಟನ್ನು ಆರಿಸಿಕೊಳ್ಳಿ. ವಿದ್ಯಾರ್ಥಿ ನಿಘಂಟುಗಳು ಹೆಚ್ಚು ಬಳಕೆಯ ಅರ್ಥವನ್ನು ಮುಂದಿಡುತ್ತವೆ. 1884ರಿಂದ 1928ರವರೆಗೆ ಕಂತುಗಳಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಅರ್ಥಗಳನ್ನು ಕಾಲಕ್ರಮದಲ್ಲಿ, ಹಳೆಯ ಬರಹಗಳ ಸಾಕ್ಷ್ಯದೊಂದಿಗೆ ಕೊಡುತ್ತದೆ. ನಮಗೆ ಬೇಕಾದದ್ದು ಇಂಥದ್ದು.

ನಂತರ ಪದಮೂಲದ ಭಾಗ ಓದಿ. ಹಲವರು ಇದನ್ನು ದಾಟಿ ಹೋಗುತ್ತಾರೆ, ಆದರೆ ತಿರುಳು ಇರುವುದೇ ಇಲ್ಲಿ. ‘ಗೆಟ್’ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ, ಅರ್ಥ ‘ಪಡೆ’. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯನ್ನರ ಮಾತು ಅದು. ಹಳೆಯ ಇಂಗ್ಲಿಷಿನಲ್ಲಿಯೂ ಇದೇ ಕುಲದ ಧಾತು ಇತ್ತು, ಆದರೆ ಸಾಮಾನ್ಯವಾಗಿ ಉಪಸರ್ಗದ ಜೊತೆಗೆ ಮಾತ್ರ, ಅದೂ ‘ಯ’ಕಾರದ ಉಚ್ಚಾರದಲ್ಲಿ. ಇಂದಿನ ಗಟ್ಟಿ ‘ಗ’ಕಾರ ನಾರ್ಸ್ ಕೊಡುಗೆ.

ಈಗ ಬಂಧುಗಳನ್ನು ಹುಡುಕಿ. ‘ಫರ್‌ಗೆಟ್’ ಅನ್ನು ಬಿಡಿಸಿ ನೋಡಿ: ‘ಫರ್’ ಎಂದರೆ ಇಲ್ಲಿ ದೂರ, ತಪ್ಪಿ, ‘ಗೆಟ್’ ಎಂದರೆ ಹಿಡಿ. ಹಿಡಿದದ್ದು ಕೈತಪ್ಪುವುದೇ ಮರೆವು! ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ಪ್ರೆಹೆಂಡೆರೆ’, ಅಂದರೆ ‘ಹಿಡಿ’, ಇದೇ ಕುಟುಂಬದ್ದು. ‘ಪ್ರಿಸನ್’, ‘ಕಾಂಪ್ರಿಹೆಂಡ್’ ಅದರ ಸಂತಾನ. ಲ್ಯಾಟಿನ್ನಿನ ‘ಡ’ಕಾರದ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಟ’ಕಾರವಿದೆ. ಜರ್ಮನ್ ಭಾಷಾಶಾಸ್ತ್ರಜ್ಞ ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ ಧ್ವನಿನಿಯಮದ, ಅಂದರೆ ಧ್ವನಿಗಳು ಕ್ರಮಬದ್ಧವಾಗಿ ಬದಲಾಗುವ ರೀತಿಯ, ಪ್ರಕಾರ ಇದು ಸಹಜ.

ಆಮೇಲೆ ಅರ್ಥಗಳನ್ನು ಸರಪಳಿಯಾಗಿ ಜೋಡಿಸಿ. ವಸ್ತುವನ್ನು ಪಡೆದರೆ ‘ಸಿಗು’, ಜಾಗವನ್ನು ಪಡೆದರೆ ‘ತಲುಪು’, ಸ್ಥಿತಿಯನ್ನು ಪಡೆದರೆ ‘ಆಗು’. ಮಾತನ್ನು ಹಿಡಿದರೆ ‘ಅರ್ಥವಾಗು’. ನಮ್ಮ ‘ಗ್ರಹಿಸು’ ಕೂಡ ನಡೆದು ಬಂದದ್ದು ಇದೇ ದಾರಿಯಲ್ಲಿ.

ಒಂದು ಎಚ್ಚರಿಕೆ: ಸದ್ದು ಹೋಲಿದ ಮಾತ್ರಕ್ಕೆ ನಂಟು ಕಟ್ಟಬೇಡಿ. ಇಂಗ್ಲಿಷಿನ ‘ಹ್ಯಾವ್’ ಮತ್ತು ಲ್ಯಾಟಿನ್ನಿನ ‘ಹಬೇರೆ’ ಎರಡಕ್ಕೂ ‘ಹೊಂದಿರು’ ಎಂಬ ಅರ್ಥವಿದೆ, ರೂಪವೂ ಹತ್ತಿರ. ಆದರೂ ಅವು ಬಂಧುಗಳಲ್ಲ. ‘ಹ್ಯಾವ್’ಗೆ ನಿಜವಾದ ಲ್ಯಾಟಿನ್ ಬಂಧು ‘ಕಪೆರೆ’, ಅಂದರೆ ‘ಹಿಡಿ’. ಧ್ವನಿನಿಯಮ ಒಪ್ಪದಿದ್ದರೆ ಎಷ್ಟೇ ಚೆಂದದ ಕಥೆಯಾದರೂ ಬಿಟ್ಟುಬಿಡಿ.

ಮುಂದಿನ ಅಭ್ಯಾಸಕ್ಕೆ ‘ಗಿವ್’ ತೆಗೆದುಕೊಳ್ಳಿ. ಅದರ ‘ಗ’ಕಾರದ ಹಿಂದೆಯೂ ನಾರ್ಸ್ ಪ್ರಭಾವವೇ ಕಾಣಿಸುತ್ತದೆ.