ಸುರಂಗದ ನೀರಿನಿಂದ ಎಂಸಿಎಂವರೆಗೆ: ಗಣಿತ ಮಾಡೆಲಿಂಗ್ ಸ್ಪರ್ಧೆಗೆ ತಯಾರಾಗುವುದು ಹೇಗೆ?

ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಒಂದು ಸುರಂಗ ಇದೆ. ಡಿಸೆಂಬರಿನಲ್ಲಿ ಅದರ ನೀರು ತೋಟಕ್ಕೆ ಬಿಟ್ಟು ಮಿಗುತ್ತದೆ. ಮಾರ್ಚ್ ಬಂತೆಂದರೆ ಬೆರಳು ಗಾತ್ರದ ಧಾರೆ. ಈ ನೀರು ಎಷ್ಟು ಅಡಿಕೆ ಮರಕ್ಕೆ ಸಾಕು ಎಂದು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಯಾವ ಹಿರಿಯರನ್ನು ಕೇಳಿದರೂ ಒಂದು ಅಂದಾಜು ಹೇಳುತ್ತಾರೆ. ಅಂದಾಜು ಹೆಚ್ಚಾಗಿ ಸರಿಯೂ ಇರುತ್ತದೆ. ಅದು ಏಕೆ ಸರಿ ಎಂದು ಕಾಗದದ ಮೇಲೆ ತೋರಿಸಲು ಹೊರಟರೆ, ಅದೇ ಮಾಡೆಲಿಂಗ್.

ಪದವಿ ವಿದ್ಯಾರ್ಥಿಗಳಿಗೆ ಈ ಕೆಲಸಕ್ಕೆಂದೇ ಒಂದು ಅಂತಾರಾಷ್ಟ್ರೀಯ ಸ್ಪರ್ಧೆ ಇದೆ. ಹೆಸರು ಮ್ಯಾಥಮೆಟಿಕಲ್ ಕಾಂಟೆಸ್ಟ್ ಇನ್ ಮಾಡೆಲಿಂಗ್, ಚಿಕ್ಕದಾಗಿ ಎಂಸಿಎಂ. ಅಮೆರಿಕದ ಕೋಮ್ಯಾಪ್ ಸಂಸ್ಥೆ ಇದನ್ನು ನಡೆಸುತ್ತದೆ. ಶುರುವಾದದ್ದು 1985ರಲ್ಲಿ. 1999ರಿಂದ ಇದರ ಜೊತೆಗೆ ಐಸಿಎಂ (ಇಂಟರ್‌ಡಿಸಿಪ್ಲಿನರಿ ಕಾಂಟೆಸ್ಟ್ ಇನ್ ಮಾಡೆಲಿಂಗ್) ಎಂಬ ಇನ್ನೊಂದು ಸ್ಪರ್ಧೆಯೂ ನಡೆಯುತ್ತಿದೆ. ಭಾಗವಹಿಸುವ ತಂಡಗಳಲ್ಲಿ ಬಹುಪಾಲು ಚೀನಾದವು. ನಮ್ಮ ಕಾಸರಗೋಡಿನ ಮಕ್ಕಳಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ಗೊತ್ತಾದರೂ 'ನಾವು ಕನ್ನಡ ಮೀಡಿಯಂ, ನಮಗೆಲ್ಲಿಂದ' ಅಂತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದು ಪರೀಕ್ಷೆ ಅಲ್ಲ

ಹಾಲ್‌ನಲ್ಲಿ ಕೂತು ಮೂರು ಗಂಟೆಯಲ್ಲಿ ಬರೆದು ಮುಗಿಸುವ ಸ್ಪರ್ಧೆ ಇದಲ್ಲ. ಮೂವರ ತಂಡ, ಆರು ಪ್ರಶ್ನೆಗಳು. ಎ, ಬಿ, ಸಿ ಎಂಸಿಎಂನವು, ಡಿ, ಇ, ಎಫ್ ಐಸಿಎಂನವು. ಆರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಪುಸ್ತಕ ನೋಡಬಹುದು, ಇಂಟರ್ನೆಟ್ ಬಳಸಬಹುದು, ಪ್ರೋಗ್ರಾಂ ಬರೆಯಬಹುದು. ತಂಡದ ಹೊರಗಿನ ಯಾರನ್ನೂ ಕೇಳುವ ಹಾಗಿಲ್ಲ, ನಿಮ್ಮ ಮೇಷ್ಟ್ರನ್ನು ಕೂಡ. ಕೊನೆಗೆ 25 ಪುಟ ಮೀರದ ಒಂದು ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕು.

ಪ್ರಶ್ನೆಗಳು ಹೇಗಿರುತ್ತವೆ ನೋಡಿ. 2016ರಲ್ಲಿ, ಸ್ನಾನದ ತೊಟ್ಟಿಯ ನೀರು ಆರದಂತೆ ಬಿಸಿನೀರು ಬಿಡುತ್ತಾ ಇರುವುದು ಹೇಗೆ, ನೀರೂ ಜಾಸ್ತಿ ಹಾಳಾಗಬಾರದು ಎಂದು ಕೇಳಿದ್ದರು. 2025ರಲ್ಲಿ ಒಂದು ಪ್ರಶ್ನೆ ಹಳೇ ಮೆಟ್ಟಿಲುಗಳ ಬಗ್ಗೆ. ಸವೆದಿರುವ ರೀತಿ ನೋಡಿ, ಎಷ್ಟು ಜನ ಓಡಾಡಿರಬಹುದು, ಹತ್ತಿದವರು ಜಾಸ್ತಿಯೋ ಇಳಿದವರೋ ಎಂದು ಹೇಳಬೇಕಿತ್ತು. ಯಾವುದಾದರೂ ಹಳೇ ದೇವಸ್ಥಾನದ ಕಲ್ಲು ಮೆಟ್ಟಿಲ ಮೇಲೆ ಕೂತವರಿಗೆ ಇದು ದೂರದ ಪ್ರಶ್ನೆ ಅಲ್ಲ, ಅಲ್ವಾ?

ಇವಕ್ಕೆ ಇದೇ ಸರಿ ಎನ್ನುವ ಉತ್ತರ ಇಲ್ಲ. ತಾಳಮದ್ದಳೆಯಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತು, ಕೊನೆಗೆ ಏನಾಗುತ್ತದೆ ಎಂಬುದೂ ಗೊತ್ತು. ಆದರೂ ರಾತ್ರಿಯಿಡೀ ಕೂರುವುದು ಅರ್ಥಧಾರಿ ವಾದವನ್ನು ಹೇಗೆ ಕಟ್ಟುತ್ತಾನೆ ಎಂದು ಕೇಳಲು. ಇಲ್ಲಿ ತೀರ್ಪುಗಾರರು ನೋಡುವುದೂ ಅದನ್ನೇ.

ಮೊದಲು ಮೂವರನ್ನು ಹುಡುಕಿ

ಕ್ಲಾಸಿನ ಮೊದಲ ಮೂರು ರ‍್ಯಾಂಕಿನವರನ್ನು ಸೇರಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಮೂವರೂ ಸಮೀಕರಣ ಬಿಡಿಸಲು ಕೂರುತ್ತಾರೆ, ಬರೆಯಲು ಯಾರೂ ಇರುವುದಿಲ್ಲ. ಒಬ್ಬರು ಗಣಿತದವರು, ಒಬ್ಬರು ಪೈಥಾನ್ ಅಥವಾ ಎಕ್ಸೆಲ್ ಬಲ್ಲವರು, ಒಬ್ಬರು ಚೆನ್ನಾಗಿ ಬರೆಯುವವರು ಇದ್ದರೆ ಸಾಕು. ಈ ಮೂರನೆಯವರು ಬಿಕಾಂನವರಾದರೂ ತೊಂದರೆ ಇಲ್ಲ. ನನ್ನ ಲೆಕ್ಕದಲ್ಲಿ ತಂಡಕ್ಕೆ ಅವರೇ ಮುಖ್ಯ.

ಹೆಸರು ನೋಂದಾಯಿಸುವುದು ವಿದ್ಯಾರ್ಥಿಗಳ ಕೆಲಸ ಅಲ್ಲ, ಸಲಹೆಗಾರರಾಗಿ ನಿಲ್ಲುವ ಅಧ್ಯಾಪಕರದು. ಶುಲ್ಕ ಇತ್ತೀಚಿನ ವರ್ಷಗಳಲ್ಲಿ ತಂಡಕ್ಕೆ 100 ಡಾಲರ್. ಕಡಿಮೆ ಏನಲ್ಲ. ಕಾಲೇಜು ಕೊಡುತ್ತದೆಯೇ ಎಂದು ಓಣಂ ರಜೆ ಮುಗಿದ ಕೂಡಲೇ ಕೇಳಿ, ಜನವರಿವರೆಗೆ ಕಾಯಬೇಡಿ.

ಸುರಂಗದಲ್ಲಿ ಅಭ್ಯಾಸ

ಹಳೇ ಪ್ರಶ್ನೆಪತ್ರಿಕೆ ಹಿಡಿಯುವ ಮೊದಲು ಮನೆಯ ಹಿತ್ತಿಲಿನ ಒಂದು ಪ್ರಶ್ನೆ ತೆಗೆದುಕೊಳ್ಳಿ. ನಾನು ಸುರಂಗವನ್ನೇ ತೆಗೆದುಕೊಳ್ಳುತ್ತೇನೆ.

ಮೊದಲು ಊಹೆಗಳನ್ನು ಬರೆದಿಡಿ. ಮೊದಲ ದಿನ 10,000 ಲೀಟರ್ ನೀರು ಬರುತ್ತದೆ ಎನ್ನಿ. ಆಮೇಲೆ ದಿನಕ್ಕೆ ನೂರಕ್ಕೆ ಒಂದರಂತೆ ಇಳಿಯುತ್ತದೆ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16 ಲೀಟರ್. ನೂರು ದಿನ ಮಳೆ ಇಲ್ಲ. ನೀರು ಆವಿಯಾಗುವುದನ್ನು ಸದ್ಯಕ್ಕೆ ಬಿಟ್ಟಿದ್ದೇವೆ. ಹೀಗೆ ಬಿಟ್ಟದ್ದನ್ನೂ ಬರೆಯಬೇಕು. ಅಡಗಿಸಿಟ್ಟರೆ ಸಿಕ್ಕಿಬೀಳುತ್ತೀರಿ.

ಈಗ ಲೆಕ್ಕ. ಟ್ಯಾಂಕಿ ಇಲ್ಲದೆ, ಬಂದ ನೀರನ್ನು ಬಂದ ಹಾಗೇ ತೋಟಕ್ಕೆ ಬಿಡುತ್ತೀರಿ. ನೂರನೇ ದಿನ ಬರುವುದು ಸುಮಾರು 3,700 ಲೀಟರ್. ಅಂದರೆ ಕೊನೆವರೆಗೆ ಉಳಿಸಿಕೊಳ್ಳಬಹುದಾದ ಮರಗಳು 230ರ ಆಸುಪಾಸು. ಶುರುವಿನ ದಿನಗಳ ನೀರೆಲ್ಲ ಸುಮ್ನೆ ತೋಡಿಗೆ ಹೋಗುತ್ತದೆ.

ನೂರು ದಿನದ ಒಟ್ಟು ನೀರು ಎಷ್ಟು? ಗುಣೋತ್ತರ ಶ್ರೇಢಿ ಕೂಡಿಸಿದರೆ ಸುಮಾರು 6,34,000 ಲೀಟರ್. ದಿನಕ್ಕೆ ಸರಾಸರಿ 6,340. ಇದರಲ್ಲಿ 396 ಮರ ಬದುಕುತ್ತದೆ. ಆದರೆ ಮೊದಲ 46 ದಿನ ಮಿಕ್ಕ ನೀರನ್ನು ಹಿಡಿದಿಡಬೇಕು. ಅದು ಸುಮಾರು 78,700 ಲೀಟರ್ ಆಗುತ್ತದೆ. ಎಂಟು ಮೀಟರ್ ಉದ್ದ, ಐದು ಮೀಟರ್ ಅಗಲ, ಎರಡು ಮೀಟರ್ ಆಳದ ಟ್ಯಾಂಕಿಯಲ್ಲಿ ಹಿಡಿಸುತ್ತದೆ. ನೀರು ಹನಿಯಷ್ಟೂ ಜಾಸ್ತಿ ಬಂದಿಲ್ಲ, 160ಕ್ಕಿಂತ ಹೆಚ್ಚು ಮರ ಉಳಿಯಿತು. ಪಿಯುಸಿ ಗಣಿತದಲ್ಲಿ, ನಮ್ಮಲ್ಲಿ ಹೇಳುವ ಪ್ಲಸ್ ಟುವಿನಲ್ಲಿ, ಕಲಿತದ್ದಕ್ಕಿಂತ ಮೇಲಿನದೇನನ್ನೂ ಬಳಸಿಲ್ಲ.

ಹೆಚ್ಚಿನವರು ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಅಸಲಿ ಕೆಲಸ ಇನ್ನು ಮುಂದಿದೆ. ಊಹೆ ತಪ್ಪಿದ್ದರೆ? ನೀರು ನೂರಕ್ಕೆ ಒಂದರ ಬದಲು ಎರಡರಂತೆ ಇಳಿದರೆ, ಎಷ್ಟು ದೊಡ್ಡ ಟ್ಯಾಂಕಿ ಕಟ್ಟಿದರೂ 271 ಮರ ಅಷ್ಟೇ. ಅಂದರೆ ಈ ಮಾಡೆಲಿನ ಪ್ರಾಣ ಇರುವುದು ಇಳಿಯುವ ವೇಗದಲ್ಲಿ. ಹಾಗಿದ್ದರೆ ಅದನ್ನು ಅಳೆಯಬೇಕು. ಒಂದು ಕೊಡ, ಒಂದು ಮೊಬೈಲ್. ವಾರಕ್ಕೊಮ್ಮೆ ಕೊಡ ತುಂಬಲು ಎಷ್ಟು ಸೆಕೆಂಡ್ ಬೇಕು ಎಂದು ಬರೆದಿಟ್ಟರೆ ಆಯಿತು. ಉತ್ತರ ಯಾವ ಊಹೆಯ ಮೇಲೆ ನಿಂತಿದೆ ಎಂದು ಅಲುಗಾಡಿಸಿ ನೋಡುವ ಈ ಭಾಗವನ್ನು ತೀರ್ಪುಗಾರರು ಹುಡುಕಿಕೊಂಡು ಓದುತ್ತಾರೆ. ಸೆನ್ಸಿಟಿವಿಟಿ ಅನಾಲಿಸಿಸ್ ಎಂದು ಅದಕ್ಕೆ ಹೆಸರು.

ಇಂಥ ಎರಡು ಮೂರು ಮಾಡಿದ ಮೇಲೆ, ಹಳೇ ಪ್ರಶ್ನೆ ಒಂದನ್ನು ಒಂದು ವಾರಾಂತ್ಯ ಮೂವರೂ ಕೂತು ಪೂರ್ತಿ ಮಾಡಿ. ವರದಿ ಸಮೇತ.

ಆ 99 ಗಂಟೆ

ಸ್ಪರ್ಧೆ ನಡೆಯುವುದು ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ಅಮೆರಿಕದ ಪೂರ್ವ ಭಾಗದ ಗುರುವಾರ ಸಂಜೆ 5ಕ್ಕೆ ಶುರುವಾಗಿ ಸೋಮವಾರ ರಾತ್ರಿ 8ಕ್ಕೆ ಮುಗಿಯುತ್ತಿದೆ. ನಮಗೆ ಅದು ಶುಕ್ರವಾರ ನಸುಕಿನ 3.30ರಿಂದ ಮಂಗಳವಾರ ಬೆಳಿಗ್ಗೆ 6.30. ಇಡೀ ರಾತ್ರಿ ಯಕ್ಷಗಾನ ಆಟ ನೋಡಿ ಬೆಳಿಗ್ಗೆ ತೋಟಕ್ಕೆ ಹೋಗುವ ಅಭ್ಯಾಸ ಇದ್ದವರಿಗೆ ಇದು ಲೆಕ್ಕಕ್ಕಿಲ್ಲ. ಆದರೂ ನಾಲ್ಕು ರಾತ್ರಿ ನಿದ್ದೆಗೆಡುವ ಹುಂಬತನ ಬೇಡ, ಸರದಿ ಹಾಕಿಕೊಂಡು ಮಲಗಿ.

ಶುಕ್ರವಾರ ಮಧ್ಯಾಹ್ನದೊಳಗೆ ಪ್ರಶ್ನೆ ಆರಿಸಿ. ಆಮೇಲೆ ಬದಲಿಸಬೇಡಿ. ಶನಿವಾರ ರಾತ್ರಿಯೊಳಗೆ ಒಂದು ಸಾದಾ ಮಾಡೆಲ್, ಎಷ್ಟೇ ಒರಟಾಗಿರಲಿ, ಉತ್ತರ ಕೊಡುವಂತಿರಬೇಕು. ಭಾನುವಾರ ಅದನ್ನು ತಿದ್ದಿ. ಸೋಮವಾರ ಬರೆಯುವುದು ಬಿಟ್ಟು ಬೇರೇನೂ ಬೇಡ. ಕರೆಂಟು ಕೈಕೊಟ್ಟರೆ ಏನು ಮಾಡುವುದು ಎಂದೂ ಮೊದಲೇ ಯೋಚಿಸಿಡಿ. ಫೈಲು ಒಂದೇ ಲ್ಯಾಪ್‌ಟಾಪಿನಲ್ಲಿ ಇರಬಾರದು.

ಒಂದು ಪುಟದ ಸಾರಾಂಶ

ವರದಿಯ ಮೊದಲ ಪುಟ ಸಾರಾಂಶ. ಇದು ಸೋತರೆ ಉಳಿದ 24 ಪುಟಗಳನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲ. 'ನಾವು ಈ ಸಮಸ್ಯೆಯನ್ನು ಆಳವಾಗಿ ಅಧ್ಯಯನ ಮಾಡಿದ್ದೇವೆ' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. '80 ಸಾವಿರ ಲೀಟರಿನ ಟ್ಯಾಂಕಿ ಕಟ್ಟಿದರೆ 230ರ ಬದಲು 396 ಮರ ಉಳಿಯುತ್ತದೆ, ಆದರೆ ನೀರು ಇಮ್ಮಡಿ ವೇಗದಲ್ಲಿ ಇಳಿದರೆ ಟ್ಯಾಂಕಿ ಎಷ್ಟೇ ದೊಡ್ಡದಿದ್ದರೂ 271 ಮಾತ್ರ' ಎಂದು ಬರೆಯಿರಿ. ಅಂಕಿ ಇರಲಿ, ಅದರ ಮಿತಿಯೂ ಇರಲಿ.

ಈಗ ಕನ್ನಡ ಮೀಡಿಯಂ ಮಾತು. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಬಸ್ಸಿನಲ್ಲಿ ಮಲಯಾಳದಲ್ಲಿ ವ್ಯವಹರಿಸುವವರು. ಒಂದೇ ವಿಷಯವನ್ನು ನಾಲ್ಕು ಜನಕ್ಕೆ ನಾಲ್ಕು ರೀತಿ ಹೇಳುವುದು ಅವರಿಗೆ ದಿನದ ಕೆಲಸ. ಹಾಗಾಗಿ ಸಾರಾಂಶವನ್ನು ಮೊದಲು ಕನ್ನಡದಲ್ಲಿ, ಮನೆಯ ಅಜ್ಜನಿಗೆ ಹೇಳುವಂತೆ ಬರೆಯಿರಿ. ಅಜ್ಜ 'ಸರಿ, ಹಾಗಾದ್ರೆ ಟ್ಯಾಂಕಿ ಕಟ್ಟುವನಾ?' ಎಂದು ಕೇಳಿದರೆ ಅರ್ಥವಾಗಿದೆ ಎಂದು ಲೆಕ್ಕ. ಆಮೇಲೆ ಇಂಗ್ಲಿಷಿಗೆ ತನ್ನಿ. ವಾಕ್ಯ ಗಿಡ್ಡ ಇರಲಿ. ಅಲಂಕಾರದ ಇಂಗ್ಲಿಷ್ ಯಾರಿಗೂ ಬೇಕಾಗಿಲ್ಲ.

ಚಾಟ್‌ಜಿಪಿಟಿಯಂಥವನ್ನು ಬಳಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬಳಸಬಹುದು. ಎಲ್ಲಿ, ಹೇಗೆ ಬಳಸಿದಿರಿ ಎಂದು ವರದಿಯ ಕೊನೆಗೆ ಬೇರೆಯಾಗಿ ಬರೆಯಬೇಕು. ಆ ಪುಟಗಳು 25ರ ಲೆಕ್ಕಕ್ಕೆ ಬರುವುದಿಲ್ಲ. ಅದು ಕೊಟ್ಟ ಅಂಕಿಗಳನ್ನು ಮಾತ್ರ ನೀವೇ ಇನ್ನೊಮ್ಮೆ ಕೂಡಿ ಕಳೆದು ನೋಡಿ.

ಕಳಿಸುವ ಮುಂಚೆ ಪಿಡಿಎಫ್ ತೆರೆದು ಒಂದೊಂದೇ ಪುಟ ನೋಡಿ. ಅಕ್ಷರ 12 ಪಾಯಿಂಟ್‌ಗಿಂತ ಚಿಕ್ಕದಿರಬಾರದು. ನಿಮ್ಮ ಹೆಸರು, ಮೇಷ್ಟ್ರ ಹೆಸರು, ಕಾಲೇಜಿನ ಹೆಸರು ಎಲ್ಲಿಯೂ ಕಾಣಬಾರದು. ತಂಡಕ್ಕೆ ಕೊಟ್ಟ ನಂಬರ್ ಮಾತ್ರ ಇರಬೇಕು. ಸುರಂಗದ ಫೋಟೊ ಹಾಕಿದ್ದರೆ, ಹಿಂದೆ ಕಾಲೇಜಿನ ಬೋರ್ಡು ಬಿದ್ದಿದೆಯೇ ಎಂದೂ ನೋಡಿಕೊಳ್ಳಿ.