ಆಮೆಯ ಬೀಟಾ ಕೋಶಗಳಿಗೆ ಕೊನೆಗೂ ಬಣ್ಣ ಹಿಡಿದ ಬಗೆ

ಐವತ್ತು ವರ್ಷಕ್ಕೂ ಮೀರಿ ಮೇಣದಲ್ಲಿ ಕುಳಿತ ಆಮೆಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿಗೆ ಇನ್ನು ಬಣ್ಣ ಹಿಡಿಯುವುದಿಲ್ಲವೆಂದು ತುಮಕೂರಿನ ನನ್ನ ಸಹೋದ್ಯೋಗಿಗಳು ಎರಡು ವರ್ಷ ಹೇಳುತ್ತಲೇ ಬಂದರು. ಕಳೆದ ಆಷಾಢದಲ್ಲಿ ಬಣ್ಣ ಹಿಡಿಯಿತು. ಸೆಕ್ಷನ್, ಅಂದರೆ ಮೈಕ್ರೋಸ್ಕೋಪಿನಡಿ ನೋಡುವ ತೆಳು ಹೋಳು, ಕತ್ತರಿಸಿ ಅಭ್ಯಾಸವಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ವಿಭಾಗದ ಹಳೆಯ ಬೀರುವಿನಲ್ಲಿ ಅಂಗಾಂಶ ಕೆಡದಂತೆ ಹಿಡಿದಿಡುವ ಬೂಯಿನ್ಸ್ ದ್ರಾವಣದಲ್ಲಿಟ್ಟು, ಆಮೇಲೆ ಮೇಣದಲ್ಲಿ ಕಟ್ಟಿದ್ದ ಆಮೆಯ ಗ್ರಂಥಿಯ 7 ಬ್ಲಾಕುಗಳಿದ್ದವು. ಚೀಟಿಯಲ್ಲಿ 1968 ಎಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿರುವಾಗ ಹೊಸದಾಗಿ ಆಮೆ ತರುವ ಮಾತೇ ಇಲ್ಲ. ಆದ್ದರಿಂದ ಕೆಟ್ಟುಹೋದ ಒಂದೊಂದು ಸೆಕ್ಷನ್ನೂ ಶಾಶ್ವತ ನಷ್ಟ. ಅಂಥವು ಸುಮಾರು 40 ಸ್ಲೈಡು ಕೆಟ್ಟವು.

ಬೀಟಾ ಕೋಶಗಳನ್ನು ನೇರಳೆಯಾಗಿಸುವ, ಗೊಮೊರಿ ವಿಧಾನದ ಆಲ್ಡಿಹೈಡ್ ಫುಕ್ಸಿನ್ ಬಣ್ಣ ಎಲ್ಲರಿಗೂ ಗೊತ್ತಿರುವುದೇ. ಅದನ್ನು ತಯಾರಿಸಲು ನಾನು ಮೊದಲು ಕೊಂಡ ಬೇಸಿಕ್ ಫುಕ್ಸಿನ್ ಸುಮಾರು 700 ರೂಪಾಯಿಯದು; ನಾಲ್ಕು ದಿನ ಕಳೆದರೂ ದ್ರಾವಣ ಕೆಂಪಾಗಿಯೇ ಉಳಿದು, ಸೆಕ್ಷನ್ ಪೂರ್ತಿ ಗುಲಾಬಿಯಾಯಿತು. ಆಮ್ಲ ಬದಲಿಸಿದೆ, ಆಲ್ಕೋಹಾಲ್ ಬದಲಿಸಿದೆ, ಆಮೇಲೆ ಪರಿಚಿತರೊಬ್ಬರ ಬಳಿ ತೆರೆದಿಟ್ಟಿದ್ದ ಪ್ಯಾರಾಲ್ಡಿಹೈಡ್ ತಂದೆ. ಅದು ಗಾಳಿಗೆ ಆಗಲೇ ಅಸಿಟಿಕ್ ಆಮ್ಲವಾಗುತ್ತಿತ್ತು, ವಾಸನೆಯಿಂದಲೇ ತಿಳಿಯಬೇಕಿತ್ತು. ಹೀಗೆ ಆರು ಸಾವಿರದಷ್ಟು ಹಣ ಹೋಯಿತು. ಕೊನೆಗೆ, ಬೇಸಿಕ್ ಫುಕ್ಸಿನ್‌ನಲ್ಲಿ ಈ ಕೆಲಸಕ್ಕೆ ಒದಗುವ ಬಣ್ಣವಾದ ಪ್ಯಾರಾರೋಸಾನಿಲಿನ್ ಎಂದು ಸ್ಪಷ್ಟವಾಗಿ ಅಚ್ಚಾಗಿದ್ದ, ಬಣ್ಣದ ಸೂಚಿ ಸಂಖ್ಯೆ 42500 ಇದ್ದ ಬಾಟಲಿಯನ್ನು ಸುಮಾರು 2,800 ಕೊಟ್ಟು ತರಿಸಿದೆ. ಅರ್ಧ ಗ್ರಾಂ ಬಣ್ಣ, ಶೇ. 70ರ ಆಲ್ಕೋಹಾಲ್ 100 ಮಿಲಿ, ಹೈಡ್ರೋಕ್ಲೋರಿಕ್ ಆಮ್ಲ 1 ಮಿಲಿ, ಹೊಸ ಪ್ಯಾರಾಲ್ಡಿಹೈಡ್ 1 ಮಿಲಿ. ಮೂರನೆಯ ದಿನ ದ್ರಾವಣ ಗಾಢ ನೇರಳೆಗೆ ತಿರುಗಿತು. ಫಿಲ್ಟರ್ ಕಾಗದದ ಮೇಲೆ ಹನಿ ಹಾಕಿ ನೋಡುವುದನ್ನು ಎಲ್ಲರೂ ಮಾಡುತ್ತಾರೆ; ಅದರ ನಂತರ ನಾನು ಮಾಡುವ ಇನ್ನೊಂದು ಪರೀಕ್ಷೆಯಿದೆ, ಅದನ್ನು ನನ್ನ ಜೊತೆ ಕುಳಿತು ಕೆಲಸ ಮಾಡಿದವರಿಗಷ್ಟೇ ತೋರಿಸುತ್ತೇನೆ.

ಬಣ್ಣ ಬಂದ ಮೇಲೂ ದ್ವೀಪಗಳು, ಅಂದರೆ ಹಾರ್ಮೋನು ತಯಾರಿಸುವ ಕೋಶಗಳ ಗುಂಪುಗಳು, ಸಿಗಲಿಲ್ಲ. ಕುರಿಯ ಗ್ರಂಥಿಯಲ್ಲಿರುವಂಥ ಲ್ಯಾಂಗರ್‌ಹಾನ್ಸ್ ದ್ವೀಪವನ್ನು ಆಮೆಯಲ್ಲೂ ಹುಡುಕುತ್ತಿದ್ದುದೇ ನನ್ನ ತಪ್ಪು. ಇಲ್ಲಿ ಬೀಟಾ ಕೋಶಗಳು ಜೀರ್ಣರಸದ ಕೋಶಗಳ ನಡುವೆ ಒಂಟಿಯಾಗಿಯೋ ನಾಲ್ಕೈದರ ಗುಂಪಾಗಿಯೋ ಅಡಗಿವೆ. ಗುಲ್ಮದ ಬದಿಯ ತುದಿಯನ್ನು ಕತ್ತರಿಸಿದಾಗ ಮಾತ್ರ ಸ್ವಲ್ಪ ದೊಡ್ಡ ಗುಂಪುಗಳು ಕಂಡವು.

ಹೀಗೆ ನೇರಳೆಯಾಗಿ ಕಂಡದ್ದು ಲೋಳೆಯೋ ಸ್ಥಿತಿಸ್ಥಾಪಕ ನಾರೋ ಇರಬೇಕೆಂದು ಹಿರಿಯರೊಬ್ಬರು ವಾದಿಸಿದರು. ಅವರ ಮಾತಿನಲ್ಲಿ ಹುರುಳಿತ್ತು, ಏಕೆಂದರೆ ಅವೆರಡೂ ಇದೇ ಬಣ್ಣ ಹಿಡಿಯುತ್ತವೆ. ಆದರೆ ಅವನ್ನು ಮೊದಲು ಆಕ್ಸಿಡೀಕರಿಸಬೇಕಿಲ್ಲ. ಅಕ್ಕಪಕ್ಕದ ಎರಡು ಸೆಕ್ಷನ್‌ಗಳಲ್ಲಿ ಒಂದನ್ನು ಆಮ್ಲ ಬೆರೆಸಿದ ಪರ್ಮಾಂಗನೇಟಿನಿಂದ ಆಕ್ಸಿಡೀಕರಿಸಿ, ಇನ್ನೊಂದನ್ನು ಹಾಗೆಯೇ ಬಣ್ಣಕ್ಕೆ ಹಾಕಿದೆ. ರಕ್ತನಾಳದ ನಾರು ಎರಡರಲ್ಲೂ ನೇರಳೆಯಾಯಿತು, ನನ್ನ ಕೋಶಗಳು ಮೊದಲನೆಯದರಲ್ಲಿ ಮಾತ್ರ ಎದ್ದು ಕಂಡವು. ಪಕ್ಕದಲ್ಲಿಟ್ಟ ಕುರಿಯ ಸೆಕ್ಷನ್ ಕೂಡ ಹಾಗೆಯೇ ನಡೆದುಕೊಂಡಿತು. ಅವರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹತ್ತು ನಿಮಿಷ ಕುಳಿತರು.

ಈ ನಡುವೆ ಕೋಳಿ, ಮೀನುಗಳ ಕಡೆಗೂ ಹೋದೆ. ಬೆಳಗಿನ ಜಾವ ಕೋಳಿ ಅಂಗಡಿಗೆ ಬೂಯಿನ್ಸ್ ಬಾಟಲಿ ಹಿಡಿದು ಹೋಗಿ, ಕೊಯ್ದ ಐದು ನಿಮಿಷದೊಳಗೆ ಗ್ರಂಥಿಯನ್ನು ಅದರಲ್ಲಿ ಹಾಕುತ್ತಿದ್ದೆ. ತಡವಾದರೆ ಗ್ರಂಥಿ ತನ್ನ ರಸದಲ್ಲಿ ತಾನೇ ಕರಗತೊಡಗುತ್ತದೆ. ಕೋಳಿಯ ಗುಲ್ಮದ ಬದಿಯ ಹಾಲೆಗೆ ಗ್ರಿಮೀಲಿಯಸ್ ವಿಧಾನದಲ್ಲಿ ಸಿಲ್ವರ್ ನೈಟ್ರೇಟಿನ ಬೆಳ್ಳಿ ಹಚ್ಚಿದಾಗ ಗ್ಲುಕಗಾನ್ ತಯಾರಿಸುವ ಆಲ್ಫಾ ಕೋಶಗಳ ದೊಡ್ಡ ದ್ವೀಪಗಳು ಕಂದು ಬಣ್ಣದಲ್ಲಿ ಕಂಡವು. ಜಿಲೇಬಿ ಮೀನಿನಲ್ಲಿ ಪಿತ್ತನಾಳದ ಬಳಿ ಬರಿಗಣ್ಣಿಗೇ ಕಾಣುವ ಬಿಳಿಯ ಕಾಳುಗಳಿವೆ. ಅವೇ ಬ್ರೋಕ್‌ಮನ್ ಕಾಯಗಳು, ಅಂದರೆ ಬೇರೆಯಾಗಿಯೇ ಇರುವ ದೊಡ್ಡ ದ್ವೀಪಗಳು. ಇನ್ಸುಲಿನ್ ಸಿಕ್ಕ ಮರುವರ್ಷವೇ, 1922ರಲ್ಲಿ, ಇನ್ಸುಲಿನ್ ಕಂಡುಹಿಡಿದ ತಂಡದ ಮ್ಯಾಕ್ಲಿಯಾಡ್ ಮೀನುಗಳ ಇಂಥ ದ್ವೀಪಗಳಿಂದ ಇನ್ಸುಲಿನ್ ತೆಗೆದದ್ದು ಏಕೆಂದು ಅಂದು ಕಣ್ಣಾರೆ ತಿಳಿಯಿತು: ಜೀರ್ಣರಸದ ಕೋಶಗಳಿಂದ ಅವುಗಳನ್ನು ಬಿಡಿಸುವ ಕಷ್ಟವೇ ಅಲ್ಲಿಲ್ಲ.

ಬೇಸಿಗೆಯಲ್ಲಿ ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ಬೆಳಿಗ್ಗೆ ಏಳರೊಳಗೆ 5 ಮೈಕ್ರಾನ್‌ಗೆ ಕತ್ತರಿಸುತ್ತೇನೆ. ಆಮೆಯ ಎರಡು ಬ್ಲಾಕುಗಳನ್ನು ಇನ್ನೂ ಮುಟ್ಟಿಲ್ಲ. ಅದರ ಆಲ್ಫಾ ಕೋಶಗಳಿಗೆ ಬೆಳ್ಳಿ ಹಚ್ಚಬೇಕಿದೆ, 10 ಗ್ರಾಂ ಸಿಲ್ವರ್ ನೈಟ್ರೇಟಿಗೆ ಹಣ ಕೂಡಿಸುತ್ತಿದ್ದೇನೆ.