ಕುಡಿತ ಬಿಟ್ಟವರಿಗೆ ಪುಸ್ತಕ ಆರಿಸುವುದು ಹೇಗೆ?

ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ನಾನು ಸಹಾಯಕಿ. ಕುಡಿತ ಬಿಟ್ಟವರಿಗೆ ಏನು ಓದಲು ಕೊಡಲಿ ಎಂದು ಅವರ ಹೆಂಡತಿಯರು, ಅಕ್ಕತಂಗಿಯರು ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವೈದ್ಯರು. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು-ಮೂರನೆಯ ದಿನದ ಹೊತ್ತಿಗೆ ಸನ್ನಿ ಹಿಡಿದು ಪ್ರಾಣಕ್ಕೇ ಅಪಾಯವಾಗಬಹುದು. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಚಿಕಿತ್ಸೆ ಮುಗಿಸಿ ಬಂದವರ ಕೈಗೆ ದಪ್ಪ ಕಾದಂಬರಿ ಇಡಬೇಡಿ. ಮೊದಲ ಕೆಲವು ವಾರ ನೆನಪು, ಏಕಾಗ್ರತೆ ಎರಡೂ ಕೈಕೊಡುತ್ತವೆ. ಪುಟ ತಿರುಗಿಸುವಷ್ಟರಲ್ಲಿ ಹಿಂದಿನದು ಮರೆತು, ತಲೆಯೇ ಹೋಯಿತೆಂದು ಹೆದರುತ್ತಾರೆ. ನಾನು ಕೊಡುವುದು ಎರಡು-ಮೂರು ಪುಟಗಳ ಜನಪದ ಕಥೆ, ಹಾಸ್ಯ ಲೇಖನ, ಮಕ್ಕಳ ವಿಭಾಗದ ದಪ್ಪಕ್ಷರದ ಪುಸ್ತಕ. ನಾಚಿಕೊಂಡರೆ, "ಮಗಳಿಗೆ ಓದಿ ಹೇಳಿ ಅಣ್ಣಾ" ಎನ್ನುತ್ತೇನೆ. ಗಟ್ಟಿಯಾಗಿ ಓದಿದರೆ ಮನಸ್ಸು ಅಲೆಯುವುದೂ ಕಡಿಮೆ.

ಯಾವ ಪುಸ್ತಕ ಎನ್ನುವುದಕ್ಕಿಂತ ಯಾವ ಹೊತ್ತು ಎನ್ನುವುದು ದೊಡ್ಡ ಪ್ರಶ್ನೆ. ಬೆಳಿಗ್ಗೆ ಓದಿ ಸಂಜೆ ವೈನ್ ಶಾಪ್ ಮುಂದೆ ನಿಂತರೆ ಏನು ಬಂತು? ದಿನವೂ ಗ್ಲಾಸ್ ಹಿಡಿಯುತ್ತಿದ್ದ ಹೊತ್ತಿಗೇ ಓದು ಇಡಿ. ಅದಕ್ಕೆ ಮೊದಲು ಮಂಡಕ್ಕಿಯೋ ಚಪಾತಿಯೋ ಹೊಟ್ಟೆಗೆ ಬೀಳಲಿ, ಏಕೆಂದರೆ ಹಸಿದಾಗ ತುಡಿತ ಹೆಚ್ಚು. ತುಡಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಒಂದೆರಡು ಕಥೆ ಮುಗಿಯುವಷ್ಟು ಸಮಯ. ಮನೆಯಲ್ಲಿ ಒಬ್ಬರೇ ಇದ್ದರೆ ನಮ್ಮಂಥ ವಾಚನಾಲಯಕ್ಕೆ ಬಂದು ಕೂರುವುದು ಮೇಲು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ, ಫ್ಯಾನಿನ ಕೆಳಗಿನ ಜಾಗಕ್ಕೆ ಮಾತ್ರ ಜಗಳ.

ಮದ್ಯಪಾನದ ಕೆಡುಕುಗಳ ಮೇಲಿನ ಉಪದೇಶದ ಪುಸ್ತಕ ಬೇಡ. ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಾರಿನ ಸಂಜೆಗಳನ್ನು ರುಚಿಕಟ್ಟಾಗಿ ಬಣ್ಣಿಸಿದ ಕಾದಂಬರಿಯೂ ಸದ್ಯಕ್ಕೆ ಬೇಡ. ಕುಡಿತ ಬಿಟ್ಟವರೇ ಹೇಳಿಕೊಂಡ ಕಥೆಗಳು ಮಾತ್ರ ಬೇರೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) 1939ರಲ್ಲಿ ತಂದ ಮುಖ್ಯ ಪುಸ್ತಕದಲ್ಲಿ ಸದಸ್ಯರ ಅನುಭವಗಳೇ ದೊಡ್ಡ ಪಾಲು. ಈ ಕೂಟದ ಸಭೆಗಳಲ್ಲಿ ಅದನ್ನು ಕೂತು ಓದುವುದುಂಟು. ಸಭೆಗೆ ಶುಲ್ಕವಿಲ್ಲ, ಓದು ಬಾರದವರು ಕೇಳಿಸಿಕೊಳ್ಳಬಹುದು.

ನಡುವೆ ಮತ್ತೆ ಕುಡಿದರೆ ಪುಸ್ತಕ ಕಿತ್ತುಕೊಂಡು ಹಂಗಿಸಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಪುಸ್ತಕದ ಅವಧಿ ಮೀರಿದ್ದರೆ ಮನೆಯವರು ಯಾರಾದರೂ ಬಂದು ನವೀಕರಿಸಲು ಕೇಳಿ.